ಕೋಲಿಗೆ ಸಿಗದ ನೆಲ

ನಮ್ಮ ಪ್ರೌಢಶಾಲೆಯ ಪರಿಸರ ಸಂಘದ ಮಕ್ಕಳನ್ನು ನೀರಿನ ಪರೀಕ್ಷೆಗೆಂದು ಕೆರೆಗೆ ಕರೆದುಕೊಂಡು ಹೋಗಿದ್ದೆ. ಆ ಕೆರೆಯ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನನ್ನ ಬಾಲ್ಯದಲ್ಲಿ ಅದು ಒಣಗಿತ್ತು. ಅದರ ಅಂಗಳ ದಾಟಿಯೇ ಮಂಚೇನಹಳ್ಳಿ ಬಸ್ಸು ಹಿಡಿಯುತ್ತಿದ್ದೆ. ಈಗ ನೀರು ಬಂದಿದೆ, ಅಷ್ಟೇ.

"ಮೊಣಕಾಲುದ್ದ ನೀರು, ಬನ್ರೋ," ಎಂದು ಕೋಲು ಹಿಡಿದು ಮುಂದೆ ಇಳಿದೆ. ಮಕ್ಕಳು ಕೈ ಕೈ ಹಿಡಿದು ಹಿಂದೆ ಬಂದರು. ಮೊದಲನೆಯ ಹುಡುಗಿ ನನ್ನ ಸೆರಗು ಹಿಡಿದಿದ್ದಳು.

ಸ್ವಲ್ಪ ದೂರ ಹೋಗಿ ಕೋಲು ಊರಿದೆ. ಮೊಣಕೈವರೆಗೆ ಕೈ ಮುಳುಗಿದರೂ ಕೋಲಿಗೆ ನೆಲ ಸಿಗಲಿಲ್ಲ. ನನ್ನ ಕಾಲ್ಬೆರಳುಗಳ ಕೆಳಗೆ ಕೆಸರು ಮೆಲ್ಲಗೆ ಜಾರುತ್ತಿತ್ತು. ಹಿಂದೆ ಮಕ್ಕಳು ನಗುತ್ತಿದ್ದರು. ಕಿರುಚಿದರೆ ದಿಕ್ಕಾಪಾಲಾಗುತ್ತಾರೆ ಎಂದು ಬಾಯಿಗೆ ಬಂದ ಕೂಗನ್ನು ನುಂಗಿಕೊಂಡೆ.

"ಕೈ ಬಿಡ್ಬೇಡಿ. ಬಂದ ದಾರೀಲೇ ಹಿಂದಕ್ಕೆ ಹೋಗ್ರಪ್ಪ."

ಆ ದನಿ ನನ್ನದೆನಿಸಲಿಲ್ಲ.

ದಡದಲ್ಲಿ ತಲೆ ಎಣಿಸಿದೆ. ನಂಬಿಕೆ ಬಾರದೆ ಮತ್ತೆ ಎಣಿಸಿದೆ. ಸೆರಗು ಹಿಡಿದಿದ್ದವಳು ಚೂಡಿದಾರದ ಅಂಚು ಹಿಂಡುತ್ತಾ ಹೇಳಿದಳು: "ಮಿಸ್, ಅಲ್ಲಿ ದೊಡ್ಡ ಗುಂಡಿ ಐತೆ. ನೀರು ಬರೋಕೆ ಮುಂಚೆ ಜೆಸಿಬೀಲಿ ಮಣ್ಣು ತೆಗ್ದಿದ್ರು. ನಮ್ಮಪ್ಪಾನೇ ಟ್ರ್ಯಾಕ್ಟರಲ್ಲಿ ಹೊಡೆದಿದ್ದು."

ಭಯವೆಲ್ಲ ಸಿಟ್ಟಾಗಿ ಹೊರಬಂತು. "ಮೊದ್ಲೇ ಹೇಳಕ್ಕೇನಾಗಿತ್ತೇ ನಿಂಗೆ?"

ಅವಳು ಪಿಳಿಪಿಳಿ ನೋಡಿದಳು. "ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ ಮಿಸ್. ಆ ಮಣ್ಣು ನಿಮ್ಮ ಹೊಸ ಮನೆ ಪಾಯಕ್ಕೇ ಅಲ್ವಾ ತುಂಬಿದ್ದು?"

ಈಗಲೂ ನಡುಮನೆಯಲ್ಲಿ ಬರಿಗಾಲಲ್ಲಿ ನಡೆಯುವಾಗ, ಟೈಲ್ಸ್ ಮೇಲೆ ನನ್ನ ಕಾಲ್ಬೆರಳುಗಳು ನೆಲಕ್ಕಾಗಿ ತಡಕುತ್ತವೆ.