ಎಡ ಹಿಂಗಾಲಿನ ಸದ್ದು

ಈಸ್ಟರ್ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನೂ ರಹೀಂ ಚಾಚಾ ಅವರೂ ಆಮರ್ಸ್‌ಫೋರ್ಟ್ ನಿಲ್ದಾಣದಲ್ಲಿ ಹೇಗ್ ಕಡೆಯ ರೈಲು ಹತ್ತಿದೆವು. ನನ್ನ ಕೈಚೀಲದಲ್ಲಿ ಆರು ಚಪಾತಿ, ಶೇಂಗಾ ಚಟ್ನಿ, ಒಂದು ಛತ್ರಿ, ಜೊತೆಗೆ ನಮ್ಮ ಬೀದಿಯ ಹನ್ನೊಂದು ಮನೆಯವರು ತಲಾ ಐದು ಯೂರೋ ಹಾಕಿ ಕೊಟ್ಟ ಲಕೋಟೆ ಇತ್ತು. ಆ ಲಕೋಟೆಯದ್ದೇ ನನಗೆ ಭಯ.

ಏಪ್ರಿಲ್ ಕೊನೆಗೆ ಇಲ್ಲಿ ಡಚ್ಚರ ರಾಜನ ಹುಟ್ಟುಹಬ್ಬ ಬರುತ್ತದೆ. ದೇಶಕ್ಕೆ ದೇಶವೇ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು ಬೀದಿಗಿಳಿಯುತ್ತದೆ. ನಮ್ಮ ಬೀದಿಯವರು ಅಂದು ನಡುರಸ್ತೆಯಲ್ಲೇ ಉದ್ದನೆಯ ಮೇಜು ಹಾಕಿ ಒಟ್ಟಿಗೆ ಊಟ ಮಾಡುತ್ತಾರೆ. ಹಬ್ಬಕ್ಕೆ ಮೊದಲು ಒಂದು ಕುದುರೆಯ ಮೇಲೆ ಪಣ ಕಟ್ಟುವುದೂ ಹಳೆಯ ರೂಢಿ. ಗೆದ್ದರೆ ಊಟದ ಖರ್ಚು ಅದರಲ್ಲೇ, ಸೋತರೆ ಎಲ್ಲರೂ ಮನೆಯಿಂದ ಒಂದೊಂದು ಪಾತ್ರೆ ತರಬೇಕು. ಹೋಗಿ ಕಟ್ಟಿ ಬರುವ ಸರದಿ ಪ್ರತಿ ವರ್ಷ ಒಬ್ಬೊಬ್ಬರದು. ಬೀದಿಗೆ ಬಂದು ಮೂರೇ ವರ್ಷವಾಗಿದ್ದ ನನ್ನ ಬಾಗಿಲಿಗೆ ಈ ಸಲ ಅದು ಬಂತು. ನಾನು ಜಮಖಂಡಿಯವಳು, ಯುಟ್ರೆಕ್ಟ್‌ನ ಒಂದು ಕಚೇರಿಯಲ್ಲಿ ಕಾಲುವೆಗಳ ನೀರಿನ ಮಟ್ಟದ ಲೆಕ್ಕ ನೋಡುತ್ತೇನೆ. ಕುದುರೆಯ ಬಗ್ಗೆ ನನಗೆ ಗೊತ್ತಿದ್ದುದು ಅದಕ್ಕೆ ನಾಲ್ಕು ಕಾಲು ಎನ್ನುವುದಷ್ಟೇ.

ಪಕ್ಕದ ಮನೆಯ ಶಾಹೀನ್ ಮೈಸೂರಿನವಳು, ಆಸ್ಪತ್ರೆಯಲ್ಲಿ ನರ್ಸ್. ಅವಳ ಅಪ್ಪನೇ ರಹೀಂ ಚಾಚಾ, ಎರಡು ತಿಂಗಳ ಮಟ್ಟಿಗೆ ಊರಿಂದ ಬಂದಿದ್ದರು.

"ಅಪ್ಪಾನ್ನೂ ಕರ್ಕೊಂಡು ಹೋಗೇ ರೇಣುಕಾ," ಎಂದಿದ್ದಳು. "ನಂಗೆ ಅವತ್ತು ಡ್ಯೂಟಿ. ಮನೇಲಿ ಕೂತು ಕೂತು ಅವ್ರಿಗೆ ಬೋರ್ ಹೊಡ್ದಿದೆ. ಕುದುರೆ ಅಂದ್ರೆ ಪ್ರಾಣ."

"ಜೂಜಿನ ಜಾಗಾ ಅಲ್ಲೇನ ಅದು? ಚಾಚಾ ಬರ್ತಾರೇನು?"

"ನೋಡೋಕೆ ಬರ್ತಾರೆ, ಕಟ್ಟೋಕಲ್ಲ."

ರಹೀಂ ಚಾಚಾ ಅವರ ಮನೆತನದ ಹೆಸರೇ ನಾಲ್‌ಬಂದ್, ಅಂದರೆ ಕುದುರೆಗೆ ಲಾಳ ಹೊಡೆಯುವವರು. ಮೈಸೂರು, ಬೆಂಗಳೂರಿನ ಲಾಯಗಳಲ್ಲಿ ಮೂವತ್ತೆಂಟು ವರ್ಷ ರೇಸ್ ಕುದುರೆಗಳ ಕಾಲು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಿದ್ದರು. ಅಷ್ಟು ವರ್ಷದಲ್ಲಿ ಒಂದು ರೂಪಾಯಿಯನ್ನೂ ಕುದುರೆಯ ಮೇಲೆ ಕಟ್ಟಿರಲಿಲ್ಲ. "ಜೂಜು ನಮ್ಗೆ ಹರಾಮ್ ರೇಣುಕಮ್ಮ. ಕುದುರೆ ಹರಾಮ್ ಅಲ್ವಲ್ಲ," ಎಂದು ರೈಲಿನಲ್ಲಿ ಮೊದಲೇ ಇತ್ಯರ್ಥ ಮಾಡಿದರು.

ಆಮರ್ಸ್‌ಫೋರ್ಟ್‌ನಿಂದ ಹೇಗ್‌ಗೆ ಸುಮಾರು ಒಂದು ಗಂಟೆಯ ದಾರಿ. ನನ್ನ ಕಾರ್ಡಿದ್ದರೆ ಜೊತೆಯವರಿಗೂ ಟಿಕೆಟ್ಟಿನಲ್ಲಿ ಶೇಕಡಾ ನಲವತ್ತು ರಿಯಾಯಿತಿ. ಯುಟ್ರೆಕ್ಟ್ ದಾಟಿದ ಮೇಲೆ ಎರಡೂ ಕಡೆ ಚಪ್ಪಟೆ ಹಸಿರು, ಗೆರೆ ಎಳೆದಂತೆ ನೇರ ಕಾಲುವೆಗಳು, ದನಗಳು. ಚಾಚಾ ದನಗಳನ್ನು ಬಿಟ್ಟು ಎಲ್ಲೋ ದೂರದಲ್ಲಿ ಮೇಯುವ ಕುದುರೆಗಳನ್ನೇ ಹುಡುಕುತ್ತಿದ್ದರು. ಖೌಡಾ ನಿಲ್ದಾಣ ಬರುವ ಹೊತ್ತಿಗೆ ಹದಿನಾಲ್ಕು ಸಿಕ್ಕಿದ್ದವು. ಹೇಗ್‌ನಲ್ಲಿ ಇಳಿದು ಬಸ್ ಹಿಡಿದೆವು. ಇಪ್ಪತ್ತು ನಿಮಿಷದ ಮೇಲೆ ಕಾಡಂಚಿನ ನಿಲ್ದಾಣದಲ್ಲಿ ಇಳಿದು ಒಂದು ಕಿಲೋಮೀಟರ್ ನಡೆದೆವು. ಹನ್ನೊಂದು ಡಿಗ್ರಿ ಚಳಿ; ಮರಳುದಿಬ್ಬಗಳ ಆಚೆಯ ಸಮುದ್ರದಿಂದ ಗಾಳಿ ಬೀಸುತ್ತಿತ್ತು. ಐದು ನಿಮಿಷ ಬಿಸಿಲು, ಐದು ನಿಮಿಷ ಹನಿ. ಚಾಚಾ ಸ್ವೆಟರಿನ ಮೇಲೆ ಸ್ವೆಟರ್, ಅದರ ಮೇಲೆ ಅಳಿಯನ ಕೋಟು ಹಾಕಿಕೊಂಡು ಗುಂಡಗೆ ಕಾಣುತ್ತಿದ್ದರು.

ಮೈದಾನದಲ್ಲಿ ಜಾತ್ರೆಯಷ್ಟು ಜನ. ಹೆಂಗಸರು ಗರಿ ಸಿಕ್ಕಿಸಿದ ಟೋಪಿ ತೊಟ್ಟಿದ್ದರು, ಮುದುಕರು ಪೆನ್ಸಿಲ್ ಹಿಡಿದು ಓಟದ ಪಟ್ಟಿಯ ಮೇಲೆ ಗುರುತು ಹಾಕುತ್ತಿದ್ದರು. ಒಂದು ಗಾಡಿಯಲ್ಲಿ ಪೊಫರ್ಚೆಸ್ ಸುಡುತ್ತಿದ್ದರು, ನಮ್ಮ ಪಡ್ಡುವಿನ ಸಿಹಿ ತಮ್ಮ ಎನ್ನಬಹುದು. ಮೇಲೆ ಬೆಣ್ಣೆ, ಸಕ್ಕರೆಪುಡಿ. ಚಾಚಾ ಒಂದು ತಟ್ಟೆ ತಿಂದು, ಬೆರಳು ನೆಕ್ಕಿ, ಚಪಾತಿ ಸಂಜೆಗಿರಲಿ ಎಂದರು.

ನಮ್ಮದು ಮಧ್ಯಾಹ್ನದ ಮೂರನೆಯ ಓಟ. ಅದು ಬೇಲಿ ಹಾರುವ ಓಟ, ಈ ದೇಶದಲ್ಲಿ ಅಪರೂಪ. ಎದೆಮಟ್ಟದ ಕಡ್ಡಿಬೇಲಿಗಳು ಒಂಬತ್ತು, ಕುದುರೆಗಳು ಎಂಟು. ನಾವು ಕಟ್ಟಬೇಕಾದದ್ದು ಆರನೆಯ ನಂಬರಿನ ಮೇಲೆ. ಅದರ ಹೆಸರು ಬಕ್ಕರ್ಸ್‌ಯೋಂಗನ್, ಅಂದರೆ ಬೇಕರಿ ಹುಡುಗ. ಆರಿಸಿದವರು ಬೀದಿಗೆಲ್ಲ ಹಿರಿಯರಾದ ಕೋರಿ ಅಜ್ಜಿ. ತೀರಿಹೋದ ಅವರ ಗಂಡ ಬೇಕರಿ ನಡೆಸುತ್ತಿದ್ದರು, ಅದೊಂದೇ ಕಾರಣ. ಕೌಂಟರಿನ ಹೆಂಗಸು, "ಗೆಲುವಿಗೆ ಮಾತ್ರವೋ, ಮೊದಲ ಮೂರರಲ್ಲಿ ಬಂದರೂ ಸಾಕೋ?" ಎಂದು ಕೇಳಿದಳು. ನಾನು ಅಜ್ಜಿಯ ಚೀಟಿ ತೆಗೆದು ನೋಡಿದೆ. "ಗೆಲುವಿಗೆ ಮಾತ್ರ. ನಾವು ಹೇಡಿಗಳಲ್ಲ," ಎಂದು ಬರೆದಿತ್ತು. ಹಾಗೆಯೇ ಕಟ್ಟಿದೆ. ಚಾಚಾ ಅಷ್ಟು ಹೊತ್ತೂ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು.

ಓಟಕ್ಕೆ ಮೊದಲು ಕುದುರೆಗಳನ್ನು ಕಂಬಿ ಕಟ್ಟಿದ ಅಂಗಳದಲ್ಲಿ ಸುತ್ತು ಹಾಕಿಸಿ ಜನರಿಗೆ ತೋರಿಸುತ್ತಾರೆ. ಸುತ್ತುದಾರಿ ಹುಲ್ಲಿನದು, ಲಾಯದಿಂದ ಬರುವ ಮೂಲೆಯಲ್ಲಿ ಮಾತ್ರ ಹತ್ತು ಹೆಜ್ಜೆಯಷ್ಟು ಇಟ್ಟಿಗೆ ಹಾಸು. ಬೇಕರಿ ಹುಡುಗ ಬಂದ. ಕೆಂಗಂದು ಮೈ, ಹಣೆಯಲ್ಲಿ ಬಿಳಿ ಪಟ್ಟೆ. ಹಗ್ಗ ಹಿಡಿದು ನಡೆಸುತ್ತಿದ್ದವಳು ಹೊಂಬಣ್ಣದ ಜಡೆಯ ಯುವತಿ. ನಾನು ಫೋಟೋ ತೆಗೆಯುತ್ತಿದ್ದಾಗ ಚಾಚಾ ನನ್ನ ತೋಳು ಹಿಡಿದರು.

"ರೇಣುಕಮ್ಮ, ಕೇಳುಸ್ತಾ?"

"ಏನ್ರಿ ಚಾಚಾ?"

"ಹಿಂದಿನ ಎಡಗಾಲು. ಮೂರು ಕಾಲು ಟಪ್ ಟಪ್ ಅಂತದೆ, ಅದೊಂದು ಚಿಣ್ ಅಂತದೆ. ನಾಲ್ ಸಡಿಲ ಆಗಿದೆ."

ನನಗೆ ಎಲ್ಲ ಒಂದೇ ಸದ್ದು. ಕುದುರೆ ಹುಲ್ಲಿಗಿಳಿಯಿತು, ಸದ್ದು ಅಡಗಿತು. ಒಂದು ಸುತ್ತು ಮುಗಿಸಿ ಮತ್ತೆ ಇಟ್ಟಿಗೆಯ ಮೇಲೆ ಬಂದಾಗ ಚಾಚಾ ಕಣ್ಣು ಮುಚ್ಚಿ ಆಲಿಸಿದರು. "ನಿಜಾನೇ. ಮೊಳೆ ಎದ್ದಿದೆ. ಈ ಕಾಲಲ್ಲಿ ಬೇಲಿ ಹಾರಿದ್ರೆ ನಾಲ್ ಕಿತ್ತು ಹೋಗ್ತದೆ. ಹೇಳಮ್ಮ ಅವ್ರಿಗೆ."

ನಾನು ಹಿಂಜರಿದೆ. ಹೇಳಿದರೆ ಕುದುರೆಯನ್ನೇ ಓಟದಿಂದ ತೆಗೆದುಬಿಡಬಹುದು. ಸುಳ್ಳಾದರೆ ಇಷ್ಟು ಜನರೆದುರು ನಗೆಪಾಟಲು. ಸಾಲದ್ದಕ್ಕೆ ನನ್ನ ಡಚ್. ಸರ್ಕಾರದ ಭಾಷಾ ಪರೀಕ್ಷೆ ಪಾಸಾಗಿದ್ದೆ ನಿಜ. ಅದರಲ್ಲಿ ಡಾಕ್ಟರು, ಪುರಸಭೆ, ತಡವಾದ ರೈಲು ಎಲ್ಲ ಇದ್ದವು, ಲಾಳ ಇರಲಿಲ್ಲ.

"ಚಾಚಾ, ನಿಮಗ ಖಾತ್ರಿ ಐತೇನ್ರಿ? ಅವರ ಕಡೆನೂ ನೋಡೋ ಮಂದಿ ಇರ್ತಾರಲ್ರಿ."

"ಇರ್ತಾರೆ. ಬೆಳಗ್ಗೆ ನೋಡಿರ್ತಾರೆ. ಆಮೇಲೆ ಎಲ್ಲೋ ಒದ್ದಿರ್ತದೆ." ನನ್ನತ್ತ ತಿರುಗಿದರು. "ಕುದುರೆ ಮೇಲೆ ಕೂರೋ ಮಗೂಗೆ ಮನೇಲಿ ಕಾಯೋರು ಇಲ್ವಾ?"

ನಾನು ಫೋನನ್ನು ಚೀಲಕ್ಕೆ ಹಾಕಿದೆ. ಯುವತಿ ಹತ್ತಿರ ಬರುತ್ತಲೇ ಕಂಬಿಯ ಮೇಲೆ ಬಾಗಿ ಡಚ್‌ನಲ್ಲಿ ಕೂಗಿದೆ: "ಶೂ ಸಡಿಲ! ಶೂ ಸಡಿಲ!"

ಅವಳು ನಿಂತು ತನ್ನ ಬೂಟು ನೋಡಿಕೊಂಡಳು. ಲೇಸು ಬಿಗಿಯಾಗಿಯೇ ಇತ್ತು. ನಕ್ಕು, ಥ್ಯಾಂಕ್ಸ್ ಹೇಳಿ ಹೊರಟಳು. ಪಕ್ಕದ ಗರಿಟೋಪಿಯ ಹೆಂಗಸೂ ತನ್ನ ಶೂ ನೋಡಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆಗ ಚಾಚಾ "ಏಯ್ ಬೇಟೀ!" ಎಂದು ಕರೆದ ದನಿಗೆ ಮೊದಲು ತಿರುಗಿದ್ದು ಕುದುರೆ. ಅರವತ್ತೊಂಬತ್ತರ ಆ ಮನುಷ್ಯ, ಎರಡು ಸ್ವೆಟರು, ಒಂದು ಕೋಟಿನ ಸಮೇತ, ಒಂದು ಕೈಯಲ್ಲಿ ಕಂಬಿ ಹಿಡಿದು, ತಮ್ಮ ಎಡಗಾಲನ್ನು ಕುದುರೆಯಂತೆ ಹಿಂದಕ್ಕೆ ಮಡಿಸಿ ಎತ್ತಿದರು. ಇನ್ನೊಂದು ಕೈಯಿಂದ ಹಿಮ್ಮಡಿಯನ್ನು ತಟ್ಟಿ, ತಲೆ ಅಡ್ಡಡ್ಡ ಆಡಿಸಿದರು. ಯುವತಿಯ ಮುಖದ ನಗು ಮಾಯವಾಯಿತು. ಬಗ್ಗಿ ಕುದುರೆಯ ಎಡ ಹಿಂಗಾಲನ್ನು ಎತ್ತಿ ನೋಡಿದವಳೇ ಕೈಯೆತ್ತಿ ಯಾರನ್ನೋ ಕೂಗಿದಳು.

ಚರ್ಮದ ಏಪ್ರನ್ ಕಟ್ಟಿದ ಲಾಳದ ಆಳು ಓಡಿ ಬಂದ. ಬಾಗಿಲಿನಷ್ಟು ಎತ್ತರದವನು. ಬೆರಳಿಂದ ಲಾಳ ಅಲ್ಲಾಡಿಸಿದ. ಅದು ಅಲ್ಲಾಡುವುದು ನನಗೂ ಕಂಡಿತು. ಓಟ ತಡವಾಗುವುದೆಂದು ಧ್ವನಿವರ್ಧಕದಲ್ಲಿ ಹೇಳಿದರು. ಅವನು ಹಳೆಯ ಮೊಳೆ ಕಿತ್ತು, ಹೊಸದು ಹೊಡೆಯುವುದನ್ನು ಚಾಚಾ ನೋಡುತ್ತಿದ್ದರು, ಅವರ ಬೆರಳುಗಳೂ ಸುಮ್ಮನಿರದೆ ಆಡುತ್ತಿದ್ದವು. ಕೆಲಸ ಮುಗಿದ ಮೇಲೆ ಆ ದೈತ್ಯ ಗೊರಸನ್ನು ನಮ್ಮ ಕಡೆ ತಿರುಗಿಸಿ ಚಾಚಾ ಅವರಿಗೆ ತೋರಿಸಿದ. ಚಾಚಾ ಕಂಬಿಗಳ ನಡುವೆ ತಲೆ ತೂರಿಸಿ ನೋಡಿ, ಹೊರಗಿನ ಮೂರನೆಯ ಮೊಳೆಯತ್ತ ಬೆರಳು ಮಾಡಿದರು. ಅವನು ಒಂದು ಕ್ಷಣ ಹುಬ್ಬು ಗಂಟಿಕ್ಕಿದ. ಆಮೇಲೆ ಆ ಮೊಳೆಯನ್ನು ಕಿತ್ತು, ಕೂದಲೆಳೆಯಷ್ಟು ಮೇಲಕ್ಕೆ ಬೇರೊಂದನ್ನು ಹೊಡೆದು, ಹೆಬ್ಬೆರಳೆತ್ತಿದ. ಪಶುವೈದ್ಯರೊಬ್ಬರು ಕುದುರೆಯನ್ನು ಇಟ್ಟಿಗೆಯ ಮೇಲೆ ಎರಡು ಸಲ ನಡೆಸಿ ಒಪ್ಪಿದರು. ಈಗ ಚಾಚಾ ಕಣ್ಣು ಮುಚ್ಚಿ ಆಲಿಸಿ, "ಭೇಷ್," ಎಂದರು.

ಓಟ ಶುರುವಾದಾಗ ನಾವು ಕೊನೆಯ ಬೇಲಿಯ ಬಳಿ ನಿಂತಿದ್ದೆವು. ಎಂಟು ಕುದುರೆಗಳು ಒಟ್ಟಿಗೆ ನೆಲ ಬಿಡುವುದನ್ನು ನಾನು ಮೊದಲ ಸಲ ನೋಡಿದೆ. ಚಾಚಾ ಅವರಿಗೂ ಅದು ಮೊದಲನೆಯದು, ನಮ್ಮ ಕಡೆ ಬೇಲಿಯಿಲ್ಲದ ಬಯಲಿನ ಓಟ ಮಾತ್ರ. "ಯಾ ಅಲ್ಲಾ, ಹಾರ್ತಾವಲ್ಲಮ್ಮ!" ಎಂದು ಮಗುವಿನಂತೆ ನಕ್ಕರು. ಐದನೆಯ ಬೇಲಿಯಲ್ಲಿ ಒಬ್ಬ ಸವಾರ ಉರುಳಿ, ಕೆಸರು ಮೆತ್ತಿಕೊಂಡು ಎದ್ದು ಕೈಬೀಸಿದ. ಜನ ಚಪ್ಪಾಳೆ ತಟ್ಟಿದರು. ಬೇಕರಿ ಹುಡುಗ ಐದನೆಯವನಾಗಿದ್ದ, ನಾಲ್ಕನೆಯವನಾದ. ನಾನು ಬೀದಿಯ ಮಾನವೆಲ್ಲ ನನ್ನ ಗಂಟಲಲ್ಲೇ ಇದೆ ಎಂಬಂತೆ ಕನ್ನಡದಲ್ಲಿ ಅರಚುತ್ತಿದ್ದೆ: "ಓಡೋ ನಮ್ಮಪ್ಪಾ, ಓಡೋ!" ಕೊನೆಯ ಬೇಲಿಯನ್ನು ನಮ್ಮ ಕಣ್ಣೆದುರೇ ಹಾರಿ ಇನ್ನೊಂದನ್ನು ಹಿಂದಿಕ್ಕಿದ. ಮುಂದಿನ ಎರಡನ್ನು ಮುಟ್ಟಲಾಗಲಿಲ್ಲ. ಮೂರನೆಯ ಸ್ಥಾನ.

ಎಲ್ಲರೂ ಗೆದ್ದ ಕುದುರೆಯ ಕಡೆ ಓಡಿದರು. ಚಾಚಾ ಮಾತ್ರ ಬೆವರು ಸುರಿಸುತ್ತ ಮರಳಿ ಬರುತ್ತಿದ್ದ ನಮ್ಮದರ ಕಾಲುಗಳನ್ನೇ ನೋಡುತ್ತಿದ್ದರು.

"ನಾಕೂ ಅವೆ! ರೇಣುಕಮ್ಮ, ನಾಕೂ ನಾಲ್ ಅವೆ!" ಎಂದು ನನ್ನ ಎರಡೂ ಕೈ ಹಿಡಿದು ಕುಲುಕಿದರು. ಹಾದುಹೋಗುತ್ತಿದ್ದ ಗರಿಟೋಪಿಯ ಹೆಂಗಸೊಬ್ಬಳು ಇವರು ದೊಡ್ಡ ಮೊತ್ತ ಗೆದ್ದರೆಂದು ಭಾವಿಸಿ ಅಭಿನಂದನೆ ಹೇಳಿದಳು. ಚಾಚಾ ತಲೆಬಾಗಿ ಸ್ವೀಕರಿಸಿದರು.

ಬಸ್‌ಸ್ಟಾಪಿನಿಂದ ಕೋರಿ ಅಜ್ಜಿಗೆ ಅಳುಕುತ್ತಲೇ ಫೋನ್ ಮಾಡಿದೆ. ಮೂರನೆಯದು ಎಂದೆ, ದುಡ್ಡು ಹೋಯಿತು ಎಂದೆ.

"ಮೂರನೆಯದಾ!" ಅಜ್ಜಿ ಕಿರುಚಿದರು. "ಹೋದ ವರ್ಷ ನಮ್ಮ ಕುದುರೆ ಓಡಲೇ ಇಲ್ಲ, ನಿಂತು ಹುಲ್ಲು ತಿಂದಿತು. ಇರು, ಮೊದಲಿಂದ ಹೇಳು." ನಾನು ಹೇಳಿದೆ. ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಎಷ್ಟು ಗಂಟೆಗೆ ಬರುತ್ತೀರಿ?" ಎಂದಷ್ಟೇ ಕೇಳಿದರು.

ರೈಲಿನಲ್ಲಿ ಚಪಾತಿ, ಚಟ್ನಿ ಮುಗಿಸಿದೆವು. ನಾವು ಬೀದಿಯ ತಿರುವು ತಲುಪುವಾಗ ಏಳು ಗಂಟೆಯ ಬಿಸಿಲು ಇನ್ನೂ ಇತ್ತು. ಅಜ್ಜಿಯ ಮನೆಯೆದುರು ಬೆಂಚುಗಳು, ಹತ್ತಿಪ್ಪತ್ತು ಜನ, ಡ್ಯೂಟಿ ಮುಗಿಸಿ ಬಂದ ಶಾಹೀನ್ ಕೂಡ. ಚಾಚಾ ಅವರನ್ನು ನಡುವೆ ಕೂರಿಸಿ, ಕೈಗೆ ಚಹಾ ಕೊಟ್ಟು, ಕಥೆ ಆಗಲಿ ಎಂದರು. ಅವರು ಕನ್ನಡದಲ್ಲಿ ಹೇಳಿದಂತೆ ನಾನು ಡಚ್ಚಿಗೆ ತಿರುಗಿಸುತ್ತಿದ್ದೆ. ಬೂಟಿನ ಪ್ರಸಂಗಕ್ಕೆ ಎಲ್ಲರಿಗಿಂತ ಹೆಚ್ಚು ನಕ್ಕವಳು ಶಾಹೀನ್. ಬೇಲಿಗಳು ಶುರುವಾದ ಮೇಲೆ ಚಾಚಾ ಎದ್ದು ನಿಂತರು. ಮೊದಲ ಬೇಲಿ, ಎರಡನೆಯದು, ಕೈಯಲ್ಲೇ ಎಲ್ಲವನ್ನೂ ಹಾರಿಸಿದರು. ಅಷ್ಟರಲ್ಲಿ ನಾನು ಅನುವಾದ ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು, ಯಾರಿಗೂ ಅದು ಬೇಕಾಗಿರಲಿಲ್ಲ. ಕೊನೆಯ ಬೇಲಿಗೆ ಬಂದಾಗ, ಫಲಿತಾಂಶವನ್ನು ಬೀದಿಗೆಲ್ಲ ತಾವೇ ಸಾರಿದ್ದ ಕೋರಿ ಅಜ್ಜಿ ನನ್ನ ಮೊಣಕೈ ಬಿಗಿಯಾಗಿ ಹಿಡಿದು ಪಿಸುಗುಟ್ಟಿದರು: "ಗೆದ್ದನಾ? ಗೆದ್ದನಾ?"

ಚಾಚಾ ಮೂರು ಬೆರಳೆತ್ತಿ ತೋರಿಸಿದರು. ಬೀದಿಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.