ಜೆರಾಕ್ಸನ ಓಣಿ ಚೆಂಡು

ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತು. ಕ್ಲಬ್ಬಿನಲ್ಲಿ ಅದನ್ನು ಕೇಳಿದವರಿಲ್ಲ. ಅಧ್ಯಕ್ಷರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವನು ಜೆರಾಕ್ಸ್. ಪರದೇಶದ ಬೌಲರ್ ಒಬ್ಬನನ್ನು ಟಿ.ವಿ.ಯಲ್ಲಿ ಒಂದು ಸಂಜೆ ಕಣ್ಣು ನೆಟ್ಟು ನೋಡಿದನೆಂದರೆ ಸಾಕು, ಮರುದಿನ ನೆಟ್ಸ್‌ನಲ್ಲಿ ಅದೇ ಓಟ, ಅದೇ ಜಿಗಿತ, ಅದೇ ಮಣಿಕಟ್ಟು. ಕೊನೆಗೆ ಇಲ್ಲದ ಅಂಪೈರಿನ ಕಡೆ ತಿರುಗಿ ಹುಬ್ಬು ಗಂಟಿಕ್ಕುವುದೂ ಅದೇ. ವೇಗ ಸಾಲದಿದ್ದರೆ ಎರಡು ಹೆಜ್ಜೆ ಮುಂದೆ ಬಂದು ಚೆಂಡು ಬಿಟ್ಟು ಸರಿದೂಗಿಸುತ್ತಿದ್ದ. ಎಡಗೈ ಬೌಲಿಂಗ್ ಒಂದನ್ನು ಮಾತ್ರ ದೇವರು ಅವನಿಗೆ ಕೊಟ್ಟಿರಲಿಲ್ಲ. ಅದಕ್ಕಾಗಿ ಕೋಚ್ ಆಗಾಗ ದೇವರ ಮೇಲೆ ಬೇಸರ ಮಾಡಿಕೊಳ್ಳುತ್ತಿದ್ದರು.

ಪರದೇಶದ ತಂಡವೊಂದು ಬರುತ್ತದೆಂದರೆ ದೊಡ್ಡ ದೊಡ್ಡ ಬ್ಯಾಟ್ಸ್‌ಮನ್‌ಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನ ಎದುರು ಆಡಿ ಪಳಗಿ ಹೋಗಿ ಶತಕ ಹೊಡೆಯುತ್ತಿದ್ದರು. ಫೋಟೊ ಅವರದು, ಭುಜಕ್ಕೆ ಕಟ್ಟುವ ಐಸಿನ ಚೀಲ ಇವನದು. ಲೋಕದ ರೀತಿಯೇ ಹಾಗೆ ಎನ್ನುವವರ ಭುಜಕ್ಕೆ ಒಂದು ದಿನ ಆ ಚೀಲ ಕಟ್ಟಿ ನೋಡಬೇಕು.

ಅವನಿಗೆ ಬೇಕಾಗಿದ್ದದ್ದು ಒಂದೇ. ಕ್ಲಬ್ಬಿನ ಮೊದಲ ತಂಡದಲ್ಲಿ ಒಂದು ನಿಜವಾದ ಪಂದ್ಯ, ಸ್ಕೋರ್ ಹಲಗೆಯ ಮೇಲೆ ಹೆತ್ತವರು ಇಟ್ಟ ಹೆಸರು. ಪ್ರತಿ ವರ್ಷವೂ ಕೇಳುತ್ತಿದ್ದ. "ಈ ಸರಣಿ ಒಂದು ಮುಗೀಲಿ" ಎಂದು ಕೋಚ್ ಮೂಗಿಗೆ ತುಪ್ಪ ಸವರುತ್ತಿದ್ದರು. ಒಂದು ಸರಣಿ ಮುಗಿಯುವಷ್ಟರಲ್ಲಿ ಇನ್ನೊಂದು ದೇಶ ವಿಮಾನ ಹತ್ತಿರುತ್ತಿತ್ತು. ಹೀಗೇ ಮೂವತ್ತು ದಾಟಿತು, ಕಿವಿಯ ಪಕ್ಕದ ಕೂದಲು ಬೆಳ್ಳಗಾಯಿತು.

ಬಿಟ್ಟು ಹೋಗೋಣವೆಂದರೆ ಮನೆ ಅಡ್ಡ ಬರುತ್ತಿತ್ತು. ಪೆವಿಲಿಯನ್ ಮೆಟ್ಟಿಲುಗಳ ಅಡಿಯಲ್ಲಿ ಇಳಿಜಾರು ಸೂರಿನ ಒಂದೂವರೆ ಕೋಣೆ. ಕೆಲಸ ಇರುವವರೆಗೆ ಮನೆ. ಅಡುಗೆಯ ಕಡೆ ನಿಂತರೆ ತಲೆ ತಾಗುತ್ತಿತ್ತು, ಮಲಗುವ ಕಡೆ ಎದ್ದು ಕೂತರೂ ತಾಗುತ್ತಿತ್ತು. ಇದ್ದೊಂದು ಕಿಟಕಿಯೂ ನೆಟ್ಸ್ ಕಡೆಗೇ ತೆರೆಯುತ್ತಿತ್ತು. ಹೆಂಡತಿಗೂ ಕ್ಲಬ್ಬಿನದೇ ಕೆಲಸ, ಅಭ್ಯಾಸದ ನೆಟ್ಸ್‌ನ ಹರಿದ ಬಲೆಗಳನ್ನು ಹೊಲಿಯುವುದು. ಕಿಟಕಿಯಲ್ಲಿ ಕೂತು ಹೊಲಿಯುತ್ತಾ, ಗಂಡ ಓಡಿ ಬರುವ ಠೀವಿ ನೋಡಿಯೇ ಇದು ಇಂಥ ದೇಶ ಎಂದು ಕೂಗುವುದು ಅವಳ ಆಟ. ಒಂದು ಸಲವೂ ತಪ್ಪಿದವಳಲ್ಲ.

"ಏನ್ರೀ, ನಾನು ಮದುವೆ ಆಗಿದ್ದು ಒಬ್ಬನ್ನ, ಸಂಸಾರ ಮಾಡ್ತಿರೋದು ಎಂಟು ದೇಶದ ಜೊತೆ" ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಅಂಗಾತ ಮಲಗಿ ಆ ಸೂರನ್ನು ನೋಡುವಾಗ ಮಾತ್ರ ಅವನಿಗೆ ಉಸಿರು ಕಟ್ಟುತ್ತಿತ್ತು.

ಅಭ್ಯಾಸ ಮುಗಿದ ಮೇಲೆ ಪ್ಯಾಡ್ ಬಿಚ್ಚುತ್ತಾ, ಯಾವ ದೇಶದ ಬೌಲಿಂಗ್ ಬಲವಾದದ್ದು ಎಂದು ಕಿತ್ತಾಡುವುದು ಬ್ಯಾಟ್ಸ್‌ಮನ್‌ಗಳ ವಾಡಿಕೆ. ಒಬ್ಬ ಆಸ್ಟ್ರೇಲಿಯಾ ಎಂದರೆ ಇನ್ನೊಬ್ಬ ಪಾಕಿಸ್ತಾನ ಎನ್ನುವವನು. ಒಂದು ದಿನ ಜಗಳ ಹರಿಯದೆ, ಕ್ಲಬ್ಬಿನ ಕ್ಯಾಪ್ಟನ್ ಇವನನ್ನು ಕರೆದ. ಕ್ಯಾಪ್ಟನ್ ಎಂದರೆ ರಾಷ್ಟ್ರೀಯ ತಂಡದಲ್ಲೂ ಆಡುವ ಕುಳ.

"ಜೆರಾಕ್ಸನ್ನ ಕೇಳ್ರೋ. ಎಲ್ಲಾ ಟೀಮೂ ಅವನ ಹೊಟ್ಟೆಯೊಳಗೇ ಇದೆ."

"ಆಸ್ಟ್ರೇಲಿಯಾ ಹಾಕಿದ ದಿನ ಸೊಂಟ ಹೇಳುತ್ತೆ ಸಾರ್, ಪಾಕಿಸ್ತಾನ ಹಾಕಿದ ದಿನ ಭುಜ ಹೇಳುತ್ತೆ. ನ್ಯೂಜಿಲೆಂಡ್ ಹಾಕಿದ್ರೆ ಏನೂ ನೋಯಲ್ಲ, ಒಂದೇ ಜಾಗಕ್ಕೆ ಹಾಕಿ ಹಾಕಿ ತಲೆ ಕೆಡುತ್ತೆ."

"ನಿನ್ನ ನೋವು ಯಾರು ಕೇಳಿದ್ರು? ಬಲ ಯಾರದು ಹೇಳು."

"ಒಬ್ಬ ಹುಲಿ ಇದ್ರೆ ಸಾಲದು. ಆ ಕಡೆ ತುದೀಲಿ ಕುರಿ ಇದ್ರೆ ನೀವು ಅಲ್ಲಿ ಹೋಗಿ ಉಸಿರು ಬಿಡ್ತೀರ. ಎರಡೂ ಕಡೆ ಬಾಗಿಲು ಹಾಕ್ತಾರಲ್ಲ, ಅವರೇ ಬಲವಾದೋರು. ಹಳೇ ವೆಸ್ಟ್ ಇಂಡೀಸ್‌ನೋರು ಕಿಟಕೀನೂ ಹಾಕ್ತಿದ್ರು."

"ಒಳಗೆ ಸಿಕ್ಕೊಂಡೋನ ಥರಾನೇ ಹೇಳ್ತಾನೆ ನೋಡು!" ಎಂದು ಕ್ಯಾಪ್ಟನ್ ನಕ್ಕ. ಎಲ್ಲರೂ ನಕ್ಕರು. ಇವನು ಬಕೆಟ್ ಎತ್ತಿಕೊಂಡು ಚೆಂಡು ಹೆಕ್ಕಲು ಹೋದ.

ಅದೇ ವಾರ ಮೊದಲ ತಂಡದ ಬೌಲರ್ ಒಬ್ಬ ಮೆಟ್ಟಿಲಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡ. ಭಾನುವಾರ ಪಂದ್ಯ. ಕೋಚ್ ಇವನನ್ನು ಕರೆದರು.

"ಮಧ್ಯಾಹ್ನ ಕ್ಯಾಪ್ಟನ್‌ಗೆ ಒಂದಷ್ಟು ಹಾಕು, ನೋಡೋಣ. ಆದ್ರೆ ಯಾವ ದೇಶದ್ದೂ ಬೇಡ. ಪಂದ್ಯಕ್ಕೆ ಬೌಲರ್ ಬೇಕು, ಜೆರಾಕ್ಸ್ ಅಲ್ಲ. ನಿಂದೇ ಹಾಕು."

ವರ್ಷಗಟ್ಟಲೆ ಕಾದಿದ್ದ ಮಾತು. ಮಧ್ಯಾಹ್ನಕ್ಕೆ ಮೊದಲೇ ಚೆಂಡು ಹಿಡಿದು ನೆಟ್ಸ್‌ಗೆ ಬಂದು ನಿಂತ.

ಓಡಿ ಬಂದು ಮೊದಲ ಚೆಂಡು ಹಾಕಿದ. ಕ್ಯಾಪ್ಟನ್ ತಡೆದು, "ಆಸ್ಟ್ರೇಲಿಯಾ!" ಎಂದ. ಇವನು ಹಿಡಿತ ಬದಲಿಸಿದ. "ಇಂಗ್ಲೆಂಡ್!" ಓಟ ಕಡಿಮೆ ಮಾಡಿದ. "ಪಾಕಿಸ್ತಾನ ಅಲ್ವಾ? ಸ್ವಲ್ಪ ಉಪ್ಪು ಕಮ್ಮಿ." ಏನೂ ಯೋಚಿಸಬಾರದೆಂದು ಕಣ್ಣು ಮುಚ್ಚಿಕೊಂಡೇ ಓಡಿದ. ಕಿಟಕಿಯಿಂದ ಹೆಂಡತಿ, ಪಾಪ, ಎಂದಿನ ಆಟವೆಂದುಕೊಂಡು "ನ್ಯೂಜಿಲೆಂಡ್!" ಎಂದು ಕೂಗಿದಳು. ಮೈತುಂಬ ಬಾಡಿಗೆದಾರರು ಸೇರಿಕೊಂಡು ಯಜಮಾನನಿಗೇ ಜಾಗವಿಲ್ಲದ ಮನೆಯಂತಾಗಿದ್ದ ಅವನು. ಬೆವರು ಒರೆಸಿಕೊಂಡರೆ ಅದೂ ಯಾರದೋ ರೀತಿ.

ಆಗ ಅಕ್ಕ ನೆನಪಾದಳು. ಚಿಕ್ಕಂದಿನಲ್ಲಿ ಅವರ ಆಟವೆಲ್ಲ ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ. ಅಕ್ಕನ ಕೈಯಲ್ಲಿ ಹಣ್ಣಿನ ಪೆಟ್ಟಿಗೆಯ ಹಲಗೆ. ಪಕ್ಕದ ಗೋಡೆಗುಂಟ ನೀರಿನ ಪೈಪು ಇದ್ದದ್ದರಿಂದ ಕೈ ಬೀಸಿ ಹಾಕುವಂತಿರಲಿಲ್ಲ. ಮೈ ಬಗ್ಗಿಸಿ, ಕೈಯನ್ನು ಕಿವಿಗೆ ತಾಗಿಸಿಕೊಂಡೇ ಬಿಡಬೇಕು. ಚೆಂಡು ಎತ್ತಲೋ ಹೋಗುವಂತೆ ಹೋಗಿ, ನೆಲಕ್ಕೆ ಅಂಟಿಕೊಂಡು ಒಳಗೆ ನುಗ್ಗುತ್ತಿತ್ತು. "ಲೋ, ಇದೆಂಥಾ ಕಳ್ಳ ಚೆಂಡೋ!" ಎಂದು ಅಕ್ಕ ಹಲಗೆ ಎತ್ತಿಕೊಂಡು ಅಟ್ಟಿಸಿಕೊಂಡು ಬರುತ್ತಿದ್ದಳು. ಕ್ಲಬ್ಬಿಗೆ ಸೇರಿದ ಮೊದಲ ವಾರವೇ ಕೋಚ್ ಅದನ್ನು ತಿದ್ದಿ ನೇರ ಮಾಡಿದ್ದರು.

ಇಲ್ಲದ ಪೈಪಿಗೆ ಹೆದರಿಕೊಂಡೇ ಅವನು ಓಡಿ ಬಂದ. ಮೈ ಬಗ್ಗಿತು, ಕೈ ಕಿವಿಗೆ ತಾಗಿತು.

ಕ್ಯಾಪ್ಟನ್ನಿನ ಬ್ಯಾಟ್ ಕೆಳಗೆ ಬರುವಷ್ಟರಲ್ಲಿ ನಡುವಿನ ಸ್ಟಂಪ್ ಉರುಳಿತ್ತು. ಕ್ಯಾಪ್ಟನ್ ಬಗ್ಗಿ ಸ್ಟಂಪ್ ನೋಡಿದ, ನೆಲ ನೋಡಿದ. "ಯಾರದೋ ಇದು?"

"ನಂದು ಸಾರ್."

"ಇನ್ನೊಂದು ಹಾಕು."

ಸ್ಟಂಪ್ ಮತ್ತೆ ಬಿತ್ತು. ಕಿಟಕಿಯಿಂದ ಸದ್ದಿಲ್ಲ. ಇವನ ಮುಖ ಅರಳಿತು. ಮದುವೆಯ ದಿನವೂ ಅಷ್ಟು ಅರಳಿರಲಿಲ್ಲವೇನೋ.

ಕ್ಯಾಪ್ಟನ್ ಗ್ಲೌಸ್ ಕಳಚುತ್ತಾ ಕೋಚ್ ಹತ್ತಿರ ಹೋದ. ದನಿ ತಗ್ಗಿಸುವ ಮರ್ಯಾದೆಯನ್ನೂ ತೋರಲಿಲ್ಲ. "ಸಾರ್, ಭಾನುವಾರ ಆಡಿ ಇವನ ಭುಜ ಗಿಜ ಹೋದ್ರೆ? ಮುಂದಿನ ತಿಂಗಳು ನಂಗೆ ದಕ್ಷಿಣ ಆಫ್ರಿಕಾ ಯಾರು ಹಾಕ್ತಾರೆ? ನಿಮಗೆ ಬೌಲರ್ ಎಲ್ಲಿ ಬೇಕಾದ್ರೂ ಸಿಗ್ತಾನೆ. ಇಂಥೋನು ಸಿಗಲ್ಲ."

ಕೋಚ್ ಟೋಪಿ ತೆಗೆದು ತಲೆ ಕೆರೆದುಕೊಂಡರು. ಕೆಟ್ಟ ಮನುಷ್ಯರೇನಲ್ಲ. ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟರು.

"ಚೆನ್ನಾಗಿದೆ ಕಣಯ್ಯ. ಈ ಸರಣಿ ಒಂದು ಮುಗೀಲಿ." ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು. "ಹಾಂ, ಆ ಚೆಂಡು ನೆಟ್ಸಲ್ಲಿ ಹಾಕ್ಬೇಡ. ಅದು ಯಾವ ದೇಶದಲ್ಲೂ ಇಲ್ಲ. ಸುಮ್ನೆ ಎಲ್ಲರ ಅಭ್ಯಾಸ ಕೆಡುತ್ತೆ."

ಚೆಂಡನ್ನು ಅಲ್ಲೇ ಬಿಸಾಕಿ ಗೇಟು ದಾಟಿಬಿಡಬೇಕೆನ್ನಿಸಿತು ಅವನಿಗೆ. ಗೇಟಿನ ದಾರಿ ಮಾತ್ರ ಮನೆಯ ಕಿಟಕಿಯ ಮುಂದೆಯೇ ಹಾದು ಹೋಗುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಕ್ಯಾಪ್ಟನ್ ಮತ್ತೆ ಗ್ಲೌಸ್ ತೊಟ್ಟು ನಿಂತ. "ದಕ್ಷಿಣ ಆಫ್ರಿಕಾ ಶುರು ಮಾಡೋಣ್ವಾ?" ಇವನು ಚೆಂಡನ್ನು ಪ್ಯಾಂಟಿಗೆ ಉಜ್ಜಿಕೊಂಡು ಹಿಂದಕ್ಕೆ ನಡೆದ. ತಿರುಗಿ ಓಡಿ ಬರುವಾಗ ಕಿಟಕಿಯಿಂದ ಸರಿಯಾದ ಉತ್ತರವೇ ಕೇಳಿಸಿತು.

ಸಂಜೆ ಅವನು ತಲೆ ತಗ್ಗಿಸಿ ಒಳಗೆ ಬಂದ. ಆ ಮನೆಯಲ್ಲಿ ಬೇರೆ ರೀತಿ ಬರಲು ಬರುತ್ತಿರಲಿಲ್ಲ. ಹೆಂಡತಿ ತಟ್ಟೆ ಮುಂದಿಟ್ಟು ಕೂತಳು.

"ಇವತ್ತು ಮೊದಲ್ನೇ ಸಲ ಸೋತೆ ಕಣ್ರೀ. ಎರಡು ಸಲ ಸ್ಟಂಪ್ ಬಿತ್ತಲ್ಲ, ಅದು ಯಾವ ದೇಶ?"

"ಅದೊಂದು ಸಣ್ಣ ದೇಶ."

"ಎಷ್ಟು ಸಣ್ಣದು?"

"ಒಂದು ಓಣಿಯಷ್ಟು."

ಅವಳು ನಗಲು ಹೋಗಿ ಅವನ ಮುಖ ನೋಡಿದಳು. ನಗಲಿಲ್ಲ. ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು.

"ಮತ್ತೆ ಯಾವಾಗ ಆಡ್ತಾರೆ ಆ ದೇಶದೋರು?"

"ಆಡಲ್ಲ," ಎಂದ ಅವನು. "ಅವರಿಗೆ ಟೀಮಿಲ್ಲ."