ಮೀನಿನ ತಲೆ ಅಣ್ಣನಿಗೆ

ನಾನು ಚಿಕ್ಕವಳಿದ್ದಾಗ, ಕಾಯ್ಕಿಣಿಯ ನಮ್ಮ ಮನೆಯಲ್ಲಿ ಬಂಗಡೆ ಸಾರು ಕುದಿಯುವ ದಿನ ನನ್ನ ಹೊಟ್ಟೆಯೂ ಉರಿಯುತ್ತಿತ್ತು. ಕಾಯಿ, ಕೆಂಪು ಮೆಣಸು ಅರೆದು ಹಾಕಿದ ಸಾರಿನ ಪರಿಮಳ ಅಂಗಳದವರೆಗೂ ಬರುತ್ತಿತ್ತು. ಅಜ್ಜಿ ಮೀನಿನ ತಲೆಗಳನ್ನೆಲ್ಲ ಆರಿಸಿ ಆರಿಸಿ ಅಣ್ಣನ ತಟ್ಟೆಗೆ ಹಾಕುತ್ತಿದ್ದಳು. ಅದನ್ನು ತಿಂದರೆ ಓದುವವರ ಬುದ್ಧಿ ಚುರುಕಾಗುತ್ತದಂತೆ! ಓದುತ್ತಿದ್ದವಳು ನಾನೂ ಹೌದು. ಅಣ್ಣ ಒಂದು ವರ್ಷ ನಪಾಸಾಗಿ ನನ್ನ ಏಳನೇ ಕ್ಲಾಸಿಗೇ ಬಂದು ಕೂತಿದ್ದ.

"ನಂಗೂ ಒಂದು ಹಾಕು" ಎಂದರೆ ಅಜ್ಜಿ ಸೌಟು ಎತ್ತುತ್ತಿದ್ದಳು. "ನಿಂಗೆ ಎಂತಕ್ಕೆ? ಕಲೆಕ್ಟರ್ ಆಗೂಕೆ ಹೊಂಟಿದ್ಯ?" ನನಗೆ ಬರೀ ಸಾರು, ತಳದ ಗಂಜಿ.

ಆ ವರ್ಷ ಅಪ್ಪ ಹೇಳಿದ, "ಇಬ್ರನ್ನೂ ಹೈಸ್ಕೂಲಿಗೆ ಕಳ್ಸೂಕೆ ಆಗೂದಿಲ್ಲ. ಯಾರಿಗೆ ಹೆಚ್ಚು ಅಂಕ ಬತ್ತದೋ ಅವ್ರು ಹೋಗೂದು. ಆತಾ?"

ಆತು ಎಂದೆ. ಗಣಿತ ನನಗೆ ನೀರು ಕುಡಿದಷ್ಟು ಸುಲಭ. ಅಣ್ಣನಿಗೆ ಲೆಕ್ಕ ಹೇಳಿಕೊಡುತ್ತಿದ್ದವಳೇ ನಾನು.

ಗಣಿತ ಪರೀಕ್ಷೆಯ ಬೆಳಿಗ್ಗೆ ಅಣ್ಣನಿಗೆ ಬಿಸಿ ದೋಸೆ, ಮೊಟ್ಟೆ, ಬೆಲ್ಲ ಹಾಕಿದ ಹಾಲು. ನಮ್ಮ ಮನೆಯಲ್ಲಿ ಗಂಡಸರೆಲ್ಲ ತಿಂದ ಮೇಲೆಯೇ ಹೆಂಗಸರು ತಿನ್ನಬೇಕು. ಮುರ್ಡೇಶ್ವರಕ್ಕೆ ಮೀನು ತರಲು ಹೋದ ಅಪ್ಪ ಇನ್ನೂ ಬಂದಿರಲಿಲ್ಲ. ಅಮ್ಮ ಸೆರಗಿನಲ್ಲಿ ಮುಚ್ಚಿ ನನಗೊಂದು ದೋಸೆ ತಂದಳು. ಅಜ್ಜಿ ಅವಳ ಕೈ ಹಿಡಿದಳು. "ಅಪ್ಪ ಬರ್ಲಿ. ಒಂದ್ ಹೊತ್ತು ತಿನ್ನದಿದ್ರೆ ಸಾಯೂದಿಲ್ಲ." ಅಪ್ಪ ಬರುವ ಮೊದಲೇ ಬಸ್ಸು ಬಂತು.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲ ಲೆಕ್ಕ ನೋಡಿ ಖುಷಿಯಾಯಿತು. ಹಿಂದಿನ ದಿನವಷ್ಟೇ ಅಣ್ಣನಿಗೆ ಹೇಳಿಕೊಟ್ಟ ತರಹದ್ದೇ. ಬರೆಯಲು ಹೋದರೆ ಬಾಯಲ್ಲಿ ಹುಳಿ ನೀರು ಬಂತು, ಕಣ್ಣು ಕತ್ತಲೆಗಟ್ಟಿತು. ಬಾಯಿಪಾಠ ಬರುತ್ತಿದ್ದ ಮಗ್ಗಿ ಎಷ್ಟು ತಡಕಾಡಿದರೂ ಸಿಗಲಿಲ್ಲ. ಪಕ್ಕದ ಸಾಲಿನಲ್ಲಿ ಅಣ್ಣ ತೇಗುತ್ತಾ ಬರೆಯುತ್ತಿದ್ದ.

ಅವನಿಗೇ ಹೆಚ್ಚು ಅಂಕ ಬಂತು. "ಹೆಣ್ಣಿನ ತಲೆ ಇಷ್ಟೇ" ಎಂದ ಅಪ್ಪ. ಮರುದಿನದಿಂದ ನನಗೆ ಸಗಣಿ ಬುಟ್ಟಿ, ಅಣ್ಣನಿಗೆ ಹೈಸ್ಕೂಲು. ಅಪ್ಪನ ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ತಲೆ ಏನು ಗಾಳಿ ಕುಡಿದು ಓಡುತ್ತದೆಯೇ? ಅದಕ್ಕೂ ಹೊತ್ತು ಹೊತ್ತಿಗೆ ಅನ್ನ, ಮೀನು, ಕಾಳು, ಸೊಪ್ಪು ಬೇಕು. ಗಂಡಿನ ತಲೆಗೂ ಅಷ್ಟೇ, ಹೆಣ್ಣಿನ ತಲೆಗೂ ಅಷ್ಟೇ.

ಮಕ್ಕಳೇ, ಕುಮಟಾದ ಈ ಮನೆಯಲ್ಲಿ ನಿಮ್ಮನ್ನು ನೋಡಿದರೆ ನನ್ನ ಸಿಟ್ಟು ಇನ್ನೂ ಏರುತ್ತದೆ. ಮೊಟ್ಟೆ ಇದೆ, ಹಣ್ಣಿದೆ, ಒಂದೆಲಗದ ತಂಬುಳಿ ಇದೆ. ತಿನ್ನಬೇಡ ಎಂದು ಕೈ ಹಿಡಿಯುವವರು ಯಾರೂ ಇಲ್ಲ. ನೀವೋ ಎಲ್ಲವನ್ನೂ ಆಚೆ ತಳ್ಳಿ, ಮೊಬೈಲು ನೋಡುತ್ತಾ ಚಿಪ್ಸ್ ಪೊಟ್ಟಣ ಹಿಡಿದು ಓಡುತ್ತೀರಿ.

ಮೊನ್ನೆ ಮೊಮ್ಮಗಳು ಪರೀಕ್ಷೆ ಮುಗಿಸಿ ಬಂದು ಅತ್ತಳು. "ಅಜ್ಜಿ, ಓದಿದ್ದು ಒಂದೂ ನೆನಪಾಗ್ಲಿಲ್ಲ. ನಾ ದಡ್ಡಿ."

ನನಗೆ ಸಿಟ್ಟು ನೆತ್ತಿಗೇರಿತು. "ಆ ಮಾತು ಈ ಮನೇಲಿ ಆಡೂಕಿಲ್ಲ. ಬೆಳಿಗ್ಗೆ ಎಂತ ತಿಂದ್ಕಂಡು ಹೋಗಿದ್ದೆ, ಅದು ಹೇಳು ಮೊದ್ಲು!"

ಅಂದು ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ.